ಬಾಗಿಲ ಅಡಿಯ ಮೂರು ತೂತು

ನಾನು ನಿಂತಿದ್ದದ್ದು ವಿಜಯವಾಡದ ಆಟೋನಗರದಲ್ಲಿ, ಒಂದು ದುರಸ್ತಿ ಶೆಡ್ಡಿನೊಳಗೆ, ನನ್ನ ಕಾರಿನ ಎಡಮಗ್ಗುಲಲ್ಲಿ, ಹಿಂದಿನ ಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಬಂದ ತಿಂಗಳ ಎರಡನೇ ಶನಿವಾರ, ಬ್ಯಾಂಕುಗಳಿಗೆ ರಜೆ. ಬೆಳಿಗ್ಗೆ ಹತ್ತೂಕಾಲು. ಗಡಿಯಾರ ನೋಡಿಕೊಂಡಿದ್ದೆ, ಏಕೆಂದರೆ ಹತ್ತಕ್ಕೆ ಬರುತ್ತೇನೆಂದಿದ್ದ ಶೆಡ್ಡಿನ ಓನರ್ ಆಗಷ್ಟೇ ಬಂದಿದ್ದರು. ಬೆಳಕು ಬೀದಿಯ ಕಡೆಯಿಂದ, ನನ್ನ ಬೆನ್ನ ಹಿಂದಿನಿಂದ ಬೀಳುತ್ತಿತ್ತು. ಬಾಗಿಲಿನ ಅಡಿಭಾಗ ನನಗೆ ಚೆನ್ನಾಗಿ ಕಾಣುತ್ತಿತ್ತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಅವತ್ತು ಅಲ್ಲಿ ನಡೆದದ್ದನ್ನು ಆ ಓಣಿಯಲ್ಲಿ ಈಗ ಬೇರೆ ರೀತಿ ಹೇಳುತ್ತಿದ್ದಾರೆ. ಹೇಳುವವರು ಹೇಳಿಕೊಳ್ಳಲಿ. ನಾನು ಕಂಡದ್ದನ್ನು ನಾನು ಬರೆದಿಡುತ್ತೇನೆ.

ನಾನು ಗದಗ ಕಡೆಯವನು. ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು, ವಿಶಾಖಪಟ್ಟಣದಲ್ಲೇ ನಿವೃತ್ತನಾಗಿ, ಸಮುದ್ರಕ್ಕೆ ಎರಡು ಬೀದಿ ಹಿಂದೆ ಮನೆ ಮಾಡಿಕೊಂಡು ಅಲ್ಲೇ ಉಳಿದವನು. ನನ್ನ ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ಅವಳಿಗೆ ವಿಜಯವಾಡಕ್ಕೆ ವರ್ಗವಾದ ಮೇಲೆ ನಮ್ಮದು ಎರಡು ಊರಿನ ಸಂಸಾರ. ಹದಿನೈದು ದಿನಕ್ಕೊಮ್ಮೆ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ.

ಹಾಗೆ ಹೋದಾಗೊಮ್ಮೆ, ಆ ಶನಿವಾರಕ್ಕೆ ಮೂರು ಮಳೆಗಾಲ ಹಿಂದೆ, ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಒಂದು ಬಸ್ಸು ಕಾರಿನ ಎಡಮಗ್ಗುಲನ್ನು ಉಜ್ಜಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎರಡು ಬಾಗಿಲುಗಳು ಕಾಲಡಿ ಸಿಕ್ಕ ಎಣ್ಣೆ ಡಬ್ಬಿಯ ಹಾಗಾದವು. ತಟ್ಟಿ ಸರಿಮಾಡುವ ಸ್ಥಿತಿಯಲ್ಲಿರಲಿಲ್ಲ. ಹೊಸ ಬಾಗಿಲುಗಳನ್ನೇ ತರಿಸಬೇಕೆಂದು ಆಯಿತು. ಬ್ಯಾಂಕಿನವರೊಬ್ಬರು ಈ ಶೆಡ್ಡು ತೋರಿಸಿದರು.

ಶೆಡ್ಡು ಓನರದು. ಅದರ ಒಂದು ಮೂಲೆ, ಬಾಗಿಲು ಮಲಗಿಸಿ ಕೆಲಸ ಮಾಡುವ ಎರಡು ಕಬ್ಬಿಣದ ಕುದುರೆ, ತಂತಿಗೂಡಿನ ಒಂದು ದೀಪ, ಇಷ್ಟು ಮೇಸ್ತ್ರಿಯವರದು. ಅರವತ್ತು ದಾಟಿದವರು, ತಗಡಿನ ಕೆಲಸ ಬಿಟ್ಟು ಬೇರೇನೂ ಮಾಡಿದವರಲ್ಲ. ಅವರು ಮಾತಾಡಿದ್ದು ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊಸ ಬಾಗಿಲುಗಳು ಕಟ್ಟು ಬಿಚ್ಚಿದಾಗ ಕಪ್ಪಗೆ, ನುಣ್ಣಗೆ ಇದ್ದವು. "ಕಾರ್ಖಾನೆಯಲ್ಲೇ ಬಣ್ಣ ಆಗಿದೆಯಲ್ಲ ಮೇಸ್ತ್ರಿಗಾರು, ಮೇಲೊಂದು ಕೈ ನಮ್ಮ ಬಣ್ಣ ಹೊಡೆದರೆ ಆಯಿತು" ಎಂದೆ.

ಮೇಸ್ತ್ರಿ ನಕ್ಕರು. "ಇದು ಬಣ್ಣ ಅಲ್ಲ ಸಾರ್, ದಾರಿಯ ಅಂಗಿ. ಕಾರ್ಖಾನೆಯಿಂದ ಇಲ್ಲಿಗೆ ಬರೋವರೆಗೆ ಮಾನ ಕಾಯುತ್ತೆ, ಅಷ್ಟೇ. ಇದನ್ನೇ ಹಾಕ್ಕೊಂಡು ನಿಮ್ಮ ಸಮುದ್ರದ ಹತ್ತಿರ ಸಂಸಾರ ಮಾಡೋಕೆ ಆಗುತ್ತಾ?"

ನಾಲ್ಕು ದಿನ ತೆಗೆದುಕೊಂಡರು. ಬಾಗಿಲನ್ನು ಕಾರಿಗೆ ಜೋಡಿಸುವ ಮುಂಚೆಯೇ ಕುದುರೆಯ ಮೇಲೆ ಅಂಗಾತ ಮಲಗಿಸಿ, ಕಪ್ಪು ಮೈಯನ್ನೆಲ್ಲ ಮೆಲ್ಲಗೆ ಉಜ್ಜಿ, ಸಾಗಣೆಯಲ್ಲಿ ಗೀರು ಬಿದ್ದು ಲೋಹ ಇಣುಕಿದ ಕಡೆ ಬೆರಳಿಟ್ಟು ಹುಡುಕಿದರು. ಹೊರಗೆ ಹಚ್ಚುವುದಕ್ಕಿಂತ ಮೊದಲು ಒಳಗೆ ಪ್ರೈಮರ್ ಹಚ್ಚಿದರು. ಬಾಗಿಲಿನ ಹೊರತಗಡನ್ನು ಅಂಚಿನಲ್ಲಿ ಮಡಚಿ ಒಳಚೌಕಟ್ಟಿನ ಮೇಲೆ ಕೂರಿಸಿರುತ್ತಾರೆ. ಲಂಗದ ಅಂಚು ಮಡಚಿ ಹೊಲಿದ ಹಾಗೆ. ತುಕ್ಕು ಹುಟ್ಟುವುದು ಆ ಮಡಿಕೆಯೊಳಗೆ. ಅದರ ಉದ್ದಕ್ಕೂ ರಬ್ಬರಿನಂಥ ಸೀಲರ್ ಎಳೆದರು. ಬಣ್ಣವೆಲ್ಲ ಒಣಗಿದ ಮೇಲೆ ತೆಳು ಕೊಳವೆಯೊಂದನ್ನು ಬಾಗಿಲಿನೊಳಗೆ ಬಿಟ್ಟು ಜೇನುಬಣ್ಣದ ಮೇಣದೆಣ್ಣೆ ಸಿಂಪಡಿಸಿದರು. ಅದು ಅಡಿಯಲ್ಲಿದ್ದ ಮೂರು ತೂತುಗಳಿಂದ ರಟ್ಟಿನ ಮೇಲೆ ಎರಡು ದಿನ ತೊಟ್ಟಿಕ್ಕಿತು.

"ಸೋರಲಿ ಸಾರ್. ಸೋರಿದರೇ ಒಳಗೆಲ್ಲ ಹೋಗಿದೆ ಅಂತ ಅರ್ಥ."

ಓನರ್‌ಗೆ ಈ ನಾಲ್ಕು ದಿನ ಎಂದರೆ ಮೈ ಉರಿ. ನನ್ನೆದುರೇ ಹೇಳಿದರು: "ಇವರ ಕೈಗೆ ಬಾಗಿಲು ಕೊಟ್ಟರೆ ಬಾಣಂತಿ ಕೂಸಿಗೆ ಎರೆದ ಹಾಗೆ ಎಣ್ಣೆ, ನೀರು, ಸಾಂಬ್ರಾಣಿ. ಎದುರು ಶೆಡ್ಡಲ್ಲಿ ಒಂದೇ ದಿನ ಸಾರ್!"

ಮೇಸ್ತ್ರಿ ತಲೆಯೆತ್ತದೆ ಅಂದರು: "ಎದುರುಗಡೆ ಅಂಗಿ ಮೇಲೆ ಅಂಗಿ ಹಾಕಿ ಕಳಿಸ್ತಾರೆ. ಒಳಗೆ ಸ್ನಾನ ಆಗಿರಲ್ಲ."

ಕಾರು ಒಪ್ಪಿಸುವ ದಿನ ಅವರು ನನ್ನನ್ನು ಮಂಡಿಯೂರಿಸಿ, ನನ್ನ ಬೆರಳು ಹಿಡಿದು ಬಾಗಿಲ ಅಡಿಯ ಆ ಮೂರು ತೂತುಗಳನ್ನು ಮುಟ್ಟಿಸಿದರು. "ಇವನ್ನ ಮಾತ್ರ ಮುಚ್ಚಬೇಡಿ. ಗಾಜಿನ ಸಂದಿಯಿಂದ ಮಳೆನೀರು ಒಳಗೆ ಬಂದೇ ಬರುತ್ತೆ. ಬರಲಿ. ಬಂದವರು ಹೋಗೋಕೆ ಬಾಗಿಲು ಇರಬೇಕು." ನಾನು ತಲೆಯಾಡಿಸಿದೆ. ಕೇಳಿಸಲಿಲ್ಲ, ತಿಳಿಯಲಿಲ್ಲ ಎಂದು ಈಗ ಹೇಳಲಾರೆ. ಕೇಳಿಸಿತ್ತು, ತಿಳಿದಿತ್ತು.

ಒಂದು ಕೆಲಸವನ್ನೂ ಒಪ್ಪಿಸಿದರು: ಮುಂದಿನ ಸಲ ಬರುವಾಗ ದಾರಿಯಲ್ಲಿ ಅನಕಾಪಲ್ಲಿಯಿಂದ ಮಾರಾಟವಾಗದೆ ಉಳಿದ ಕರಿಬೆಲ್ಲ ತರಬೇಕು. ಹಳೆಯ ತಿರುಪು, ಕೀಲುಗಳನ್ನು ಅವರು ಹುಳಿಬಂದ ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದರು. ತುಕ್ಕು ತಾನೇ ಬಿಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಅನಕಾಪಲ್ಲಿಯಲ್ಲಿ ಕಾರು ನಿಲ್ಲಿಸಿ ಎರಡು ಅಚ್ಚು ಕರಿಬೆಲ್ಲ ಕೊಳ್ಳುವುದು ನನಗೆ ರೂಢಿಯಾಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಹಡಗಿನಲ್ಲಿ ನನ್ನ ಕೆಲಸ ಬಾಗಿಲುಗಳದ್ದು. ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗದಂತೆ ತಡೆಯುವ ಉಕ್ಕಿನ ಬಾಗಿಲುಗಳು. ಅವು ಸರಿಯಾಗಿ ಕೂರುತ್ತವೆಯೇ ಎಂದು ನೋಡಲು ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿದು, ಬಾಗಿಲು ಬಿಗಿದು, ಮತ್ತೆ ತೆರೆದು ರಬ್ಬರಿನ ಮೇಲೆ ಬಿದ್ದ ಬಿಳಿಗೆರೆ ನೋಡುತ್ತೇವೆ. ಗೆರೆ ಎಲ್ಲೂ ತುಂಡಾಗಿರಬಾರದು. ತುಂಡಾದ ಕಡೆ ನೀರು ಬರುತ್ತದೆ, ನೀರು ಬಂದ ಕಡೆ ಜನ ಸಾಯುತ್ತಾರೆ. ಇಪ್ಪತ್ತೆರಡು ವರ್ಷ ನಾನು ಆ ಗೆರೆ ನೋಡಿದ್ದೇನೆ. ಒಮ್ಮೆ ಬಿರುಗಾಳಿಯಲ್ಲಿ ಒಂದು ಮುಚ್ಚಳ ನನ್ನ ಎಡಗೈ ಹೆಬ್ಬೆರಳಿನ ಮೇಲೆ ಬಿತ್ತು. ಬೆರಳು ಉಳಿಯಿತು, ಅದರ ಒಳಮೈಯಲ್ಲಿ ಅರ್ಧಚಂದ್ರದಂಥ ಗಾಯದ ಗುರುತು ನಿಂತಿತು.

ಆ ವರ್ಷ ವಿಶಾಖಪಟ್ಟಣದ ಬಿಸಿಲಿಗೆ ಹೊಸ ಬಾಗಿಲುಗಳೊಳಗಿನ ಮೇಣ ಕರಗಿ ಮನೆಯ ಮುಂದಿನ ಕಲ್ಲಿನ ಮೇಲೆ ಕಂದು ಹನಿ ಬೀಳುತ್ತಿತ್ತು. ಪಕ್ಕದ ಮನೆಯವರು "ಕಾರು ಸೋರುತ್ತಿದೆ" ಎಂದರು. ಸೋರುತ್ತಿದೆ ಎಂಬ ಮಾತನ್ನು ನಾನು ಸಹಿಸಿದವನಲ್ಲ. ಅಷ್ಟರಲ್ಲಿ ಚಂಡಮಾರುತದ ಮುನ್ಸೂಚನೆ ಬಂತು. ಸೀಮೆಸುಣ್ಣ ತಂದೆ. ನಗಬೇಡಿ, ಕಾರಿನ ಬಾಗಿಲುಗಳಿಗೆ ಸೀಮೆಸುಣ್ಣ ಬಳಿದು ರಬ್ಬರಿನ ಗೆರೆ ನೋಡಿದೆ. ಗೆರೆ ಎಲ್ಲೂ ತುಂಡಾಗಿರಲಿಲ್ಲ. ಆದರೆ ಅಡಿಯಲ್ಲಿ ಮೂರು ತೂತು. ತೂತಿರುವ ಬಾಗಿಲು ನಮ್ಮಲ್ಲಿ ಬಾಗಿಲೇ ಅಲ್ಲ. ಎರಡು ಬಗೆಯ ಮುದ್ದೆಗಳನ್ನು ಕಲಸಿದರೆ ಕಲ್ಲಾಗುವ ಪುಟ್ಟಿ ಮನೆಯಲ್ಲಿತ್ತು. ಎಡಗಡೆಯ ಎರಡು ಬಾಗಿಲು, ಆರು ತೂತು. ಒಂದೊಂದಕ್ಕೂ ತುಂಬಿ ಎಡ ಹೆಬ್ಬೆರಳಿನಿಂದ ಒತ್ತಿದೆ. ಬಲಗಡೆಯ ಹಳೆಯ ಬಾಗಿಲುಗಳು ಹನಿ ಬೀಳಿಸುತ್ತಿರಲಿಲ್ಲವಾದ್ದರಿಂದ ಅತ್ತ ಬಗ್ಗಿಯೂ ನೋಡಲಿಲ್ಲ.

ಮೇಸ್ತ್ರಿಯ ಮಾತು ಆಗ ನೆನಪಿಗೆ ಬಂದಿತ್ತು. 'ತಗಡು ತಟ್ಟುವವರಿಗೆ ನೀರಿನ ವಿಷಯ ಏನು ಗೊತ್ತು' ಎಂದುಕೊಂಡೆ. ಮರುದಿನದ ಹೊತ್ತಿಗೆ ಮಾಡಿದ ಕೆಲಸವನ್ನೇ ಮರೆತೆ.

ಮೂರನೇ ಮಳೆಗಾಲ ಮುಗಿಯುತ್ತಿದ್ದಂತೆ, ಕಾರು ಒರೆಸುವಾಗ ಹಿಂದಿನ ಬಾಗಿಲಿನ ಅಡಿಯ ಮಡಿಕೆಯಂಚಿನಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಎಳೆದೆ. ಹುಣಸೆಬೀಜದಷ್ಟು ಬಣ್ಣ ಎದ್ದು ಬಂತು. ಅದರ ಹಿಂದೆ ತಗಡು ಇರಲಿಲ್ಲ. ಬೆರಳಿಟ್ಟರೆ ನೆನೆದ ಬಿಸ್ಕತ್ತಿನ ಹಾಗೆ ಉದುರಿತು.

ನನಗೆ ರಕ್ತ ತಲೆಗೇರಿತು. ಓನರ್‌ಗೆ ಫೋನ್ ಮಾಡಿ ಹೇಳಿದ ಮಾತುಗಳನ್ನು ಮರೆಮಾಚುವುದಿಲ್ಲ: "ನಾಲ್ಕು ದಿನ ನಾಟಕ ಆಡಿದರಲ್ಲ ನಿಮ್ಮ ಮೇಸ್ತ್ರಿ, ಬಂದು ನೋಡಲಿ ಅವರ ಕೆಲಸ. ಹೊರಗೆ ಬಣ್ಣ ಬಳಿದು ಒಳಗೆ ಏನೂ ಮಾಡಿಲ್ಲ." ಮಾಡಿದ್ದನ್ನು ನಾಲ್ಕು ದಿನ ನಿಂತು ನೋಡಿದ್ದವನು ನಾನೇ. ಆದರೂ ಹಾಗೆ ಹೇಳಿದೆ.

ಶುಕ್ರವಾರ ಹೊರಟೆ. ಅನಕಾಪಲ್ಲಿಯಲ್ಲಿ ಊಟಕ್ಕೆ ನಿಲ್ಲಿಸಿ, ಸಿಟ್ಟಿನಲ್ಲಿ ಬೆಲ್ಲ ಕೊಳ್ಳದೆ, ಹಿಂದಿನ ಬಾಗಿಲನ್ನು ರಪ್ಪನೆ ಹಾಕಿದೆ. ಒಳಗೆ ಗುಳುಗುಳು ಎಂದಿತು. ಗಾಜಿನ ರಬ್ಬರ್ ಕೂಡ ಸರಿಯಾಗಿ ಕೂರಿಸಿಲ್ಲ ಎಂದು ಇನ್ನಷ್ಟು ಬೈದುಕೊಂಡೆ.

ಈಗ ಶನಿವಾರ, ಹತ್ತೂಕಾಲು. ಶೆಡ್ಡಿನಲ್ಲಿ ನನ್ನ ಬಲಕ್ಕೆ ನನ್ನ ಹೆಂಡತಿ. ಬಾಗಿಲ ಮುಂದೆ ಮೇಸ್ತ್ರಿ. ಅವರ ಹಿಂದೆ, ಸೊಂಟದ ಮೇಲೆ ಕೈ ಇಟ್ಟುಕೊಂಡು ಓನರ್. ಎದುರಿನ ಅಂಗಡಿಯಿಂದ, ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಮುದುಕರೊಬ್ಬರು ಗದ್ದಲ ಕೇಳಿ ಬಂದು ಹೊಸಿಲಲ್ಲಿ ನಿಂತಿದ್ದರು.

ಓನರ್ ಎಲ್ಲರಿಗೂ ಕೇಳುವಂತೆ ಹೇಳಿದರು: "ನೇವಿ ಸಾರ್ ಸುಳ್ಳು ಹೇಳೋವರಲ್ಲ. ನಾಲ್ಕು ದಿನದ ಕೆಲಸ ಮೂರು ವರ್ಷ ಬಾಳಲಿಲ್ಲ. ಮೇಸ್ತ್ರಿಗಾರು, ಸೋಮವಾರದಿಂದ ಆ ಮೂಲೆ ಖಾಲಿ ಮಾಡಿ. ಬಣ್ಣ ಹೊಡೆಯೋ ಹುಡುಗರನ್ನ ಕರೆಸ್ತೀನಿ, ಒಂದು ದಿನಕ್ಕೆ ಒಂದು ಕಾರು."

ಮೇಸ್ತ್ರಿ ಮಂಡಿಯೂರಿ ಕೂತು ಬಾಗಿಲಿನ ಅಡಿಗೆ ಬೆರಳು ಓಡಿಸಿದರು. ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲೇ ನಿಂತಿತು. ತಿರುಪುಳಿ ತೆಗೆದುಕೊಂಡು ಒಂದು ಕಡೆ ಮೀಟಿದರು. ಏನೋ ಕಳಚಿ ಅವರ ಅಂಗೈಗೆ ಬಿತ್ತು. ಅದರ ಹಿಂದೆಯೇ ನೀರು. ಕಾಫಿ ಕಷಾಯದ ಬಣ್ಣದ ನೀರು ಧಾರೆಯಾಗಿ ಸುರಿದು ಅವರ ಮಂಡಿ, ಪಂಚೆಯ ತುದಿ ತೋಯಿಸಿ, ನೆಲದಲ್ಲಿ ನನ್ನ ಚಪ್ಪಲಿಯವರೆಗೆ ಹರಿದು ಬಂತು.

"ಏನ್ರೀ ಇದು, ಬಾಗಿಲದಾಗ ಕೊಡ ಇಟ್ಟಂಗ ಐತಲ್ಲ!" ಎಂದಳು ನನ್ನ ಹೆಂಡತಿ.

ಮೇಸ್ತ್ರಿ ಅಂಗೈ ನೋಡಿದರು. ನಾನೂ ನೋಡಿದೆ. ಬೂದು ಬಣ್ಣದ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡ ಬಿಲ್ಲೆ. ಅದರ ಮೇಲೆ ಹೆಬ್ಬೆರಳಿನ ತುದಿಯ ಗೆರೆಗಳು, ಗೆರೆಗಳನ್ನು ಕತ್ತರಿಸಿದ ಒಂದು ಅರ್ಧಚಂದ್ರ. ಮೇಸ್ತ್ರಿ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಕೈ ಮುಚ್ಚಿದರು.

"ಏನದು ಕೈಯಲ್ಲಿ?" ಓನರ್ ಕೇಳಿದರು.

"ಕಸ ಸಿಕ್ಕಿಕೊಂಡಿತ್ತು" ಎಂದರು ಮೇಸ್ತ್ರಿ. ನನ್ನ ಕಡೆ ತಿರುಗಿ ಮೆಲ್ಲಗೆ, "ಪರವಾಲೇದು ಸಾರ್" ಎಂದರು. ಪರವಾಗಿಲ್ಲ ಎಂದು.

ನನ್ನನ್ನು ನಡುಗಿಸಿದ್ದು ಇದು. ನೀರಲ್ಲ, ತುಕ್ಕಲ್ಲ. ಆ ಕೈ ಮುಚ್ಚಿಕೊಂಡದ್ದು. ತನ್ನ ಮೂಲೆ ಹೋಗುತ್ತಿರುವಾಗ ಆ ಮನುಷ್ಯ ಗಿರಾಕಿಯ ಮುಖ ಉಳಿಸಿದರು. ನಾನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಸರಿಯಾಗಿ ಹೇಳಲಾರೆ. ಟೀ ಮಾರುವ ಹೆಂಗಸು ಒಳಗೆ ಬಂದು ಡ್ರಮ್ಮಿನ ಮೇಲೆ ಐದು ಗ್ಲಾಸು ಇಟ್ಟು ಮುಗಿಸುವಷ್ಟು ಹೊತ್ತು. ಅಷ್ಟೂ ಹೊತ್ತು ನಾನು ಸುಮ್ಮನಿದ್ದೆ. ಇದೂ ದಾಖಲಾಗಲಿ.

ಆಮೇಲೆ ಹೇಳಿದೆ: "ಮೇಸ್ತ್ರಿಗಾರು, ಕೈ ತೆಗೀರಿ."

"ಬೇಡ ಸಾರ್."

"ತೆಗೀರಿ. ಅದು ನನ್ನದು."

ಬಿಲ್ಲೆ ತೆಗೆದುಕೊಂಡು ನನ್ನ ಎಡ ಹೆಬ್ಬೆರಳನ್ನು ಅದರ ಮೇಲೆ ಇಟ್ಟೆ. ಚಂದ್ರಕ್ಕೆ ಚಂದ್ರ ಕೂತಿತು. ಟೀ ತಂದ ಹೆಂಗಸೂ ಇಣುಕಿ ನೋಡಿದರು. "ಈ ಆರು ತೂತು ಮುಚ್ಚಿದ್ದು ನಾನು. ಮುಚ್ಚಬೇಡಿ ಎಂದು ಇವರು ನನ್ನ ಬೆರಳು ಹಿಡಿದು ಹೇಳಿದ್ದರು. ಮೂರು ಮಳೆಗಾಲದ ಉಪ್ಪುನೀರು ಒಳಗೆ ನಿಂತಿದೆ. ತಪ್ಪು ನನ್ನದು."

ಓನರ್ ನಕ್ಕರು. ನನ್ನ ತೋಳು ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಕರೆದುಕೊಂಡರು. ಹೆಂಡತಿ ಹಿಂದೆಯೇ ಬಂದಳು. "ಸಾರ್, ನಿಮ್ಮದು ದೊಡ್ಡ ಮನಸ್ಸು. ಆದರೆ ಯಾಕೆ ಇದೆಲ್ಲ? ಪುಟ್ಟಿ ನಮ್ಮ ಶೆಡ್ಡಲ್ಲೂ ಇದೆ, ಅವರೇ ಹಾಕಿರಬಹುದು. ನೀವು ಫೋನಲ್ಲಿ ಹೇಳಿದಿರಲ್ಲ, ಕೆಲಸ ಸರಿಯಿಲ್ಲ ಅಂತ, ಅದನ್ನೇ ಎರಡು ಸಾಲು ಬರೆದು ಸಹಿ ಹಾಕಿ. ಹಿಂದಿನ ಬಾಗಿಲು ನಾನೇ ಹೊಸದು ಹಾಕಿಸಿಕೊಡ್ತೀನಿ, ಪುಕ್ಕಟೆ. ಇವರ ಹಳೆ ಗಿರಾಕಿಗಳು ಬಂದು ಕೇಳಿದರೆ ತೋರಿಸೋಕೆ ನನಗೊಂದು ಕಾಗದ ಬೇಕು, ಅಷ್ಟೇ."

"ಕಾಗದ ಕೊಡುತ್ತೇನೆ" ಎಂದೆ.

ತಂತಿಗೂಡಿನ ದೀಪದ ಕೆಳಗಿನ ಮೇಜಿನ ಮೇಲೆ ಬರೆದೆ. ನಾನು ಏನು ಮಾಡಿದೆ, ಯಾವಾಗ ಮಾಡಿದೆ, ಯಾವ ಕೈಯಿಂದ ಮಾಡಿದೆ. ಓನರ್ ಭುಜದ ಮೇಲಿಂದ ಓದಿ ಮುಖ ಗಂಟಿಕ್ಕಿದರು. "ಇದನ್ನ ತಗೊಂಡು ನಾನೇನು ಮಾಡಲಿ? ಸಾರ್, ಜನ ನಿಮ್ಮನ್ನೇ ನೋಡಿ ನಗ್ತಾರೆ. ನೇವಿಯವರು ಕಾರಿನ ಬಾಗಿಲು ಮುಚ್ಚಿ ಕೊಳೆಸಿದರು ಅಂತ. ನಿಮಗೇ ಮುಜುಗರ."

"ಮುಜುಗರ ನನ್ನದು. ಅದನ್ನ ಬೇರೆಯವರಿಗೆ ಹೊರಿಸೋದಿಲ್ಲ."

"ಸಹಿ ಯಾರು ಬೇಕಾದರೂ ಹಾಕ್ತಾರೆ ಬಿಡಿ. ಬೆರಳಿನ ಗುರುತು ಯಾರದೋ ಏನೋ."

ನನ್ನ ಹೆಂಡತಿ ಬ್ಯಾಂಕಿನಲ್ಲಿ ಸಹಿ ಬಾರದ ಗಿರಾಕಿಗಳ ಹೆಬ್ಬೆಟ್ಟಿನ ಗುರುತು ತೆಗೆದುಕೊಂಡು ಸಾಕ್ಷಿ ಹಾಕಿಸಿ ಇಪ್ಪತ್ತು ವರ್ಷ ಕಳೆದವಳು. ಓನರ್ ಮೇಜಿನ ಮೇಲಿದ್ದ ರಬ್ಬರ್ ಸ್ಟಾಂಪಿನ ಮಸಿಪೆಟ್ಟಿಗೆಯನ್ನು ಹೇಳದೆ ಕೇಳದೆ ಎಳೆದುಕೊಂಡಳು.

"ಕೊಡ್ರಿ ಇಲ್ಲಿ ಬೆಟ್ಟು. ಎಡಗೈದು. ಹಂಗ ಒತ್ತಬ್ಯಾಡ್ರಿ, ಹೊರಳಸ್ರಿ. ಓದು ಬರಹ ಬಂದಾವ್ರ ಹೆಬ್ಬೆಟ್ಟು ತಗೊಳ್ಳೂದು ನನಗ ಇದ ಮೊದಲು."

"ಮದುವಿ ಆದಾಗಿಂದ ನಿನ್ನ ಮುಂದ ನಂದು ಹೆಬ್ಬೆಟ್ಟ ಅಲ್ಲೇನ?" ಎಂದೆ. ಅವಳು ನಗಲಿಲ್ಲ. ಕಾಗದದ ಮೇಲಿನ ಗುರುತಿನ ಪಕ್ಕ ಬಿಲ್ಲೆ ಇಟ್ಟು, ಓನರ್ ಕಡೆ ತಿರುಗಿ, ತನ್ನ ಅರ್ಧ ಕನ್ನಡದ ತೆಲುಗಿನಲ್ಲಿ ಹೇಳಿದಳು: "ನೋಡಿ ಅಂಡಿ. ನಮ್ಮ ಬ್ಯಾಂಕಿಗೆ ಇಷ್ಟು ಸಾಕು. ನಿಮ್ಮ ಶೆಡ್ಡಿಗೆ ಸಾಲದಾ?"

ಸೀಟು ಕವರಿನ ಮುದುಕರು ಮುಂದೆ ಬಂದರು. ಕನ್ನಡಕ ಹಾಕಿಕೊಂಡು ಬಿಲ್ಲೆ ನೋಡಿದರು, ಗುರುತು ನೋಡಿದರು, ಸಾಕ್ಷಿ ಎಂಬಲ್ಲಿ ತಮ್ಮ ಹೆಸರು ಬರೆದರು. ಬರೆದು ಓನರ್‌ಗೆ ಅಂದರು: "ಬಲಗಡೆ ಬಾಗಿಲು ಇದಕ್ಕಿಂತ ಹಳೇದು. ಅದೇ ಸಮುದ್ರದ ಹತ್ತಿರ ನಿಂತಿದ್ದು. ಬಗ್ಗಿ ನೋಡು ಬಾಬು." ಓನರ್ ಬಗ್ಗಲಿಲ್ಲ. ನಾನು ಬಗ್ಗಿ ನೋಡಿದೆ. ತೂತುಗಳು ತೆರೆದಿದ್ದವು, ತುಕ್ಕಿನ ಚುಕ್ಕೆ ಇರಲಿಲ್ಲ.

ಆಮೇಲೆ ಮೇಸ್ತ್ರಿ, ಯಾರೂ ಕೇಳದೆ, ಹಿಂದಿನ ಬಾಗಿಲನ್ನು ಕೀಲಿನಿಂದ ಬಿಚ್ಚಿ ಕುದುರೆಯ ಮೇಲೆ ಮಲಗಿಸಿ ಹೊರತಗಡನ್ನು ಕತ್ತರಿಸಿದರು. ಅದು ಹೇಗಿದ್ದರೂ ಹೋದ ಬಾಗಿಲು. ಒಳಗೆ ನೀರು ನಿಂತ ಎತ್ತರಕ್ಕೆ ಒಂದು ಗೆರೆ, ಅಳತೆಪಟ್ಟಿ ಇಟ್ಟು ಎಳೆದಂತೆ. ಗೆರೆಯ ಕೆಳಗೆ ಪದರು ಪದರಾಗಿ ತುಕ್ಕು. ಗೆರೆಯ ಮೇಲೆ, ಮೂರು ವರ್ಷದ ಹಿಂದೆ ಅವರು ಸಿಂಪಡಿಸಿದ ಮೇಣ ಜೇನುಬಣ್ಣದಲ್ಲಿ ಹಾಗೇ ಇತ್ತು. ಉಗುರಿನಿಂದ ಕೆರೆದೆ. ಕೆಳಗೆ ಪ್ರೈಮರ್. ಅದರ ಕೆಳಗೆ ಕಪ್ಪು. ತುಕ್ಕು ಒಂದು ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಗೆರೆ ನೋಡಿದವನು ನಾನು. ಅಷ್ಟು ಸ್ಪಷ್ಟವಾದ ಗೆರೆಯನ್ನು ಇನ್ನೊಂದು ಸಲ ನೋಡಿಲ್ಲ.

ಓನರ್ ಅದನ್ನು ನೋಡಿದರು. "ಸೋಮವಾರದ ಮಾತು ಈಗ ಬೇಡ" ಎಂದು ಟೀ ಕುಡಿಯದೆ ಹೊರಗೆ ಹೋದರು.

ಹೊಸ ಬಾಗಿಲನ್ನು ನಾನೇ ತರಿಸಿದೆ. ಮುಂದಿನದು ಅಂಚಿಗೆ ತೇಪೆ ಹಾಕಿಸಿಕೊಂಡು ಉಳಿಯಿತು. ಮೇಸ್ತ್ರಿ ಮತ್ತೆ ನಾಲ್ಕು ದಿನ ತೆಗೆದುಕೊಂಡರು. ನಾಲ್ಕೂ ದಿನ ನಾನು ಡ್ರಮ್ಮಿನ ಮೇಲೆ ಕೂತಿದ್ದೆ. ಮೊದಲ ದಿನ ಕ್ಷಮೆ ಕೇಳಲು ಬಾಯಿ ತೆರೆದೆ. ಅವರು, "ಈ ಸಲ ಬೆಲ್ಲ ತರಲಿಲ್ಲವಲ್ಲ ಸಾರ್, ಅದಕ್ಕೆ ಕೋಪ ನನಗೆ" ಎಂದು ಕೆಲಸ ಮುಂದುವರಿಸಿದರು. ಕಾರು ಒಪ್ಪಿಸುವಾಗ ಮತ್ತೆ ನನ್ನ ಬೆರಳು ಹಿಡಿದು ಮೂರು ತೂತು ಮುಟ್ಟಿಸಿದರು. ಮುಟ್ಟಿಸಿ, ನನ್ನ ಹೆಬ್ಬೆರಳನ್ನು ಮಾತ್ರ ಬೇರೆಯಾಗಿ ಮಡಚಿಟ್ಟರು. ಆಗ ಎಲ್ಲರೂ ನಕ್ಕೆವು.

ಆ ಮೂಲೆ ಇವತ್ತಿಗೂ ಅವರದೇ. ಆದರೆ ಅವಸರದ ಗಿರಾಕಿ ಬಂದು ನಾಲ್ಕು ದಿನ ಯಾಕೆ ಎಂದು ಕೇಳಿದಾಗ, ಓನರ್ ಈಗ ಒಂದು ಕಥೆ ಹೇಳುತ್ತಾರಂತೆ. ಮೇಸ್ತ್ರಿ ಹಾಕಿದ ಬಾಗಿಲು ಮೂರು ವರ್ಷಕ್ಕೆ ಕೊಳೆಯಿತು, ಪಾಪದ ನೇವಿ ಸಾರ್ ಒಬ್ಬರು ಮುದುಕನ ಮೇಲೆ ಕನಿಕರಪಟ್ಟು ತಪ್ಪು ತಮ್ಮದೆಂದು ಬರೆದುಕೊಟ್ಟರು, ಎಂದು. ಗಿರಾಕಿ ಹೊರಗಿನಿಂದ ಕರೆಸುವ ಬಣ್ಣದ ಹುಡುಗರ ಒಂದು ದಿನದ ಕೆಲಸಕ್ಕೆ ಒಪ್ಪಿ ಹೋಗುತ್ತಾನೆ. ಮೇಸ್ತ್ರಿಯ ಕುದುರೆಗಳು ವಾರದಲ್ಲಿ ಎರಡು ದಿನ ಖಾಲಿ ನಿಲ್ಲುತ್ತವೆ. ಕಳೆದ ತಿಂಗಳು ಹೋದಾಗ ಕಣ್ಣಾರೆ ನೋಡಿದೆ.

ನಾನು ಕನಿಕರಪಡಲಿಲ್ಲ. ಕನಿಕರಪಟ್ಟವರು ಮೇಸ್ತ್ರಿ, ನನ್ನ ಮೇಲೆ, ಒಂದು ಕೈ ಮುಚ್ಚಿ. ನಾನು ಮಾಡಿದ್ದು ಆ ಕೈ ತೆರೆಸಿದ್ದಷ್ಟೇ. ಇದನ್ನು ನಾನು ಆ ಶೆಡ್ಡಿನಲ್ಲಿ ನಿಂತು ಓನರ್ ಮುಂದೆಯೇ ಹೇಳಿದ್ದೇನೆ. ಪ್ರತಿ ಸಲ ಹೋದಾಗಲೂ, ಗಿರಾಕಿಗಳಿರುವ ಹೊತ್ತು ನೋಡಿಯೇ ಹೇಳುತ್ತೇನೆ. ಬರಬೇಡಿ ಎಂದು ಅವರು ಇನ್ನೂ ಹೇಳಿಲ್ಲ. ಹೇಳಿದರೆ ಬೀದಿಯಲ್ಲಿ ನಿಂತು ಹೇಳುತ್ತೇನೆ.

ಅವತ್ತು ಆ ಬಿಲ್ಲೆ ನೋಡಿದವರು ನಾನಲ್ಲದೆ ಐದು ಜನ. ಸಾಕ್ಷಿ ಹಾಕಿದ ಸೀಟು ಕವರಿನ ಮುದುಕರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅವರು ಹೆಸರು ಬರೆದ ಕಾಗದ ನಮ್ಮ ಮನೆಯಲ್ಲಿದೆ, ಬಿಲ್ಲೆಯೂ ಅದರ ಜೊತೆ ಇದೆ. ಉಳಿದವರು ಬದುಕಿದ್ದಾರೆ. ನನ್ನ ಹೆಂಡತಿ, ವಿಜಯವಾಡದ ತನ್ನ ಬ್ಯಾಂಕಿನಲ್ಲಿ, ಕೆಲಸದ ದಿನಗಳಲ್ಲಿ ಹತ್ತರಿಂದ ಐದರವರೆಗೆ ಸಿಗುತ್ತಾಳೆ. ಡ್ರಮ್ಮಿನ ಮೇಲೆ ಐದು ಗ್ಲಾಸು ಇಟ್ಟ ಹೆಂಗಸು ಅದೇ ಓಣಿಯ ತುದಿಯಲ್ಲಿ ಟೀ ಮಾರುತ್ತಾರೆ. ಮೇಸ್ತ್ರಿ ತಮ್ಮ ಮೂಲೆಯಲ್ಲಿದ್ದಾರೆ. ಅವರನ್ನು ಕೇಳಿದರೆ ಕಸ ಎನ್ನುತ್ತಾರೆ, ಅವರ ಮಾತನ್ನು ನಂಬಬೇಡಿ. ಐದನೆಯವರು ಓನರ್. ಅವರೂ ಬದುಕಿದ್ದಾರೆ, ಅವರೂ ನೋಡಿದ್ದಾರೆ.